ಸೋಸಿದ ಪೊಟ್ಯಾಷು

ಟೇಕಲ್
೨೬-೩-೧೯೮೪

ಚಿರಂಜೀವಿ ಮುನಿಕೃಷ್ಣಪ್ಪನಿಗೆ ಅಕ್ಕ ಅಶ್ವತ್ಥಮ್ಮನ ಆಶೀರ್ವಾದ.

ಆಶೀರ್ವಾದ ಎಂದು ಬರೆದದ್ದು ಕೈಗೆ ಅಭ್ಯಾಸವಾಗಿರುವುದರಿಂದ. ಮನಸ್ಸಿನಲ್ಲಿ ಏನಿದೆ ಎಂಬುದನ್ನು ಮುಂದೆ ಓದು. ನಿನ್ನ ಎರಡು ಕಾಗದಗಳೂ ಬಂದಿವೆ. ಉತ್ತರ ತಡವಾಯಿತು. ಹನ್ನೊಂದು ದಿನ ಕೋಲಾರದ ಆಸ್ಪತ್ರೆಯಲ್ಲಿ ನಿನ್ನ ಭಾವನ ಮಂಚದ ಪಕ್ಕ ಕೂತಿದ್ದೆ. ಅಲ್ಲಿಂದಲೇ ಬರೆಯಬಹುದಿತ್ತು, ಆದರೆ ಬರೀ ಬೈಗುಳ ಬರುತ್ತಿತ್ತು, ಅದಕ್ಕೇ ಬರೆಯಲಿಲ್ಲ. ಈಗಲೂ ಬೈಗುಳವೇ ಬರುತ್ತಿದೆ. ಓದಿ ಮುಗಿಸುವ ತನಕ ಕೂತ ಜಾಗದಿಂದ ಏಳಬೇಡ.

ಮೊದಲನೆಯ ಮಾತು. ಯುಗಾದಿಯ ದಿನದಿಂದ ಅಮ್ಮನಿಗೂ ಪೊಟ್ಯಾಷು ಶುರು ಮಾಡುತ್ತೇನೆ, ಒಳ್ಳೆಯ ದಿನ, ಅವಳಿಗೂ ಬಿ.ಪಿ. ಇದೆಯಲ್ಲ ಎಂದು ಬರೆದಿದ್ದೀಯ. ಅಮ್ಮನ ಬಾಯಿಗೆ ಅದರ ಒಂದು ಹರಳು ಹೋದರೂ ನೀನು ನನ್ನ ತಮ್ಮನಲ್ಲ, ನಾನು ನಿನ್ನ ಅಕ್ಕನಲ್ಲ. ಸೋಸಿ ಇಟ್ಟಿದ್ದರೆ ಈಗಲೇ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿ. ಹಬ್ಬಕ್ಕೆ ಇನ್ನು ಏಳು ದಿನವಿದೆ, ಅಷ್ಟರಲ್ಲಿ ಈ ಕಾಗದ ದೇವರಾಯಸಮುದ್ರಕ್ಕೆ ಸೇರುತ್ತದೆ. ಆದರೂ ಟಪಾಲಿನ ಮೇಲೆ ನಂಬಿಕೆ ಸಾಲದೆ ಪಕ್ಕದ ಮನೆಯ ಸೊಣ್ಣಪ್ಪನ ಕೈಲಿ ಮಾಲೂರಿನಿಂದ ತಂತಿಯನ್ನೂ ಕೊಡಿಸಿದ್ದೇನೆ. ತಂತಿಯಲ್ಲಿ ಬೇಡ ಎಂದಷ್ಟೇ ಇದೆ. ಯಾಕೆ ಬೇಡ ಎಂದು ಇದರಲ್ಲಿದೆ, ಯಾಕೆಂದು ಹೇಳದೆ ನೀನು ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳಿದವನಲ್ಲ.

ಸಂಕ್ರಾಂತಿಗೆ ಬಂದಿದ್ದೆಯಲ್ಲ, ನೆನಪು ಮಾಡಿಕೋ. ಅವರೆಕಾಳು ಸಾರು ಮಾಡಿದ್ದೆ. ಮಾಲೂರಿನ ಡಾಕ್ಟರು ಉಪ್ಪು ಬಿಡಿಸಿದ್ದರಿಂದ ನಿನ್ನ ಭಾವನಿಗೆ ಮಾತ್ರ ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು. ಅವರು ಒಂದು ತುತ್ತು ನುಂಗಿ ಮುಖ ಕಿವಿಚಿಕೊಂಡು, “ಏನ್ಲಾ ಮುನಿಕೃಷ್ಣಾ, ನಿಮ್ಮಕ್ಕ ಹಸೂಗೆ ಇಡೋದನ್ನೇ ನನ್ಗೂ ಇಡ್ತಾಳೆ ನೋಡ್ಲಾ” ಎಂದರು. ನೀನು ನಕ್ಕೆ. ಆಮೇಲೆ ಗೂಡಿನಲ್ಲಿದ್ದ ಔಷಧಿ ಬಾಟಲಿ ಕೈಗೆತ್ತಿಕೊಂಡೆ. ಅದು ಅಲ್ಲೇ ಇರಲಿ ಎಂದು ನಾನು ಹೇಳಬೇಕಿತ್ತು.

ಡಾಕ್ಟರು ಕೊಟ್ಟಿದ್ದ ಮಾತ್ರೆ ಮೈಯಲ್ಲಿನ ನೀರನ್ನು ಇಳಿಸುತ್ತದೆ. ನೀರಿನ ಜತೆಗೆ ಮೈಗೆ ಬೇಕಾದ ಒಂದು ಸತ್ವವೂ ಹೋಗುತ್ತದೆ. ಅದನ್ನು ತುಂಬಿಕೊಡಲು ಈ ಸಿರಪ್ಪು, ದಿನಕ್ಕೆ ಎರಡೇ ಚಮಚ, ನೀರು ಬೆರೆಸಿ ಕೊಡಿ ಎಂದಿದ್ದರು. ನೀನು ಬಾಟಲಿಯ ಚೀಟಿ ಓದಿ ತೊಡೆ ತಟ್ಟಿಕೊಂಡೆ.

“ಅಕ್ಕಾ, ಇದು ಪೊಟ್ಯಾಸಿಯಂ ಕ್ಲೋರೈಡ್ ಕಣೇ! ಹಿಪ್ಪುನೇರಳೆಗೆ ಹಾಕ್ರಪ್ಪಾ ಅಂತ ನಾನು ಊರೂರು ಸುತ್ತಿ ಬಡ್ಕೊಳ್ಳೋದು ಇದನ್ನೇ. ಮನೇಲಿ ಮೂಟೆ ಇಟ್ಕೊಂಡು ಬಾಟ್ಲಿಗೋಸ್ಕರ ಮಾಲೂರಿಗೆ ಓಡ್ತೀರಲ್ಲಾ!”

ಅಷ್ಟಕ್ಕೆ ಬಿಟ್ಟೆಯಾ? ಕೊಟ್ಟಿಗೆಗೆ ಹೋಗಿ ಪೊಟ್ಯಾಷು ಗೊಬ್ಬರದ ಮೂಟೆಯಿಂದ ಒಂದು ಬೊಗಸೆ ತಂದೆ. ನೀರಿಗೆ ಹಾಕಿ ಕಲಕಿದೆ. ನನ್ನ ಹಳೇ ಸೀರೆಯ ಬಟ್ಟೆ ಹರಿದು ಸೋಸಿದೆ. ಕೆಂಪು ಮಣ್ಣೆಲ್ಲ ಬಟ್ಟೆಯಲ್ಲಿ ಉಳಿಯಿತು. ನೀರನ್ನು ಒಲೆಯ ಮೇಲಿಟ್ಟು ಇಂಗಿಸಿದಾಗ ತಳದಲ್ಲಿ ಬೆಳ್ಳಗೆ ಉಪ್ಪಿನ ಹಾಗೆ ಕೂತಿತು. ನೀನೇ ಮೊದಲು ನಾಲಿಗೆಗೆ ಇಟ್ಟುಕೊಂಡು, “ನೋಡು ಭಾವಾ, ಉಪ್ಪಿನ ರುಚಿಗೆ ರುಚಿ, ಔಷಧಿಗೆ ಔಷಧಿ. ಸಾರಿಗೆ ಹಾಕ್ಕೊಂಡು ಹೊಡಿ. ಬಿ.ಪಿ. ತಾನಾಗೇ ಇಳಿಯುತ್ತೆ” ಎಂದೆ. ನೀನು ಗ್ರಾಮಸೇವಕ, ಆರು ವರ್ಷದಿಂದ ಊರಿನವರೆಲ್ಲ ನಿನ್ನ ಮಾತು ಕೇಳುತ್ತಾರೆ. ಏಳನೇ ಕ್ಲಾಸು ಓದಿದ ನಾನು ಕೇಳದೆ ಇರುತ್ತೇನೆಯೇ?

ಅಲ್ಲ ಕಣೋ, ನಮ್ಮ ತೋಟಕ್ಕೆ ಗೊಬ್ಬರ ಎಷ್ಟು ಬೇಕು ಎಂದು ಕೇಳಿದರೆ ನೀನು ನೆಟ್ಟಗೆ ಹೇಳಿದ್ದುಂಟೇ? ನಾಲ್ಕು ಮೂಲೆಯ ಮಣ್ಣು ಅಗೆದು, ನೆರಳಲ್ಲಿ ಒಣಗಿಸಿ, ಪೊಟ್ಟಣ ಕಟ್ಟಿ ಪರೀಕ್ಷೆಗೆ ಕಳಿಸುತ್ತೀಯ. ಚೀಟಿ ಬರುವ ತನಕ ಒಂದು ಹಿಡಿಯನ್ನೂ ಹಾಕಲು ಬಿಡುವುದಿಲ್ಲ. ಭಾವನ ರಕ್ತವನ್ನೂ ಹಾಗೆ ಪರೀಕ್ಷೆ ಮಾಡಿಸಬೇಕು ಎಂದು ನಿನಗೆ ಯಾಕೆ ಹೊಳೆಯಲಿಲ್ಲ? ಮಣ್ಣಿಗಿರುವ ಮರ್ಯಾದೆ ಅವರಿಗೆ ಇಲ್ಲವೇ? ನಿನ್ನ ತಿಳಿವಳಿಕೆಗಿಷ್ಟು ಬೆಂಕಿ ಹಾಕ.

ಆಗ ಹೀಗೆ ಬೈಯಲಿಲ್ಲ, ನಿಜ. ಯಾಕೆಂದರೆ ಬಿ.ಪಿ. ಇಳಿಯಿತು. ನೂರ ತೊಂಬತ್ತಿದ್ದದ್ದು ಒಂದು ತಿಂಗಳಲ್ಲಿ ನೂರ ಐವತ್ತೈದಕ್ಕೆ ಬಂತು. ಮಾಲೂರಿನ ಡಾಕ್ಟರು ಕೈಪಟ್ಟಿ ಬಿಚ್ಚುತ್ತಾ, “ಭೇಷ್ ಚನ್ನರಾಯಪ್ಪ, ಮಾತ್ರೆ ಸಿರಪ್ಪು ಎಲ್ಲಾ ಸರಿಯಾಗಿ ತಗೋತಾ ಇದ್ದೀಯ” ಎಂದರು. ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ಹೊರಗೆ ಬಂದು ಕಳ್ಳರ ಹಾಗೆ ನಕ್ಕೆವು. ಸಿರಪ್ಪು ಬಿಟ್ಟಿದ್ದೇವೆ, ಗೊಬ್ಬರ ತಿನ್ನಿಸುತ್ತಿದ್ದೇವೆ ಎಂದು ಅವತ್ತು ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಈ ತಿಂಗಳು ಹನ್ನೆರಡನೇ ತಾರೀಕು ಸೋಮವಾರ ಬೆಳಿಗ್ಗೆ ನಿನ್ನ ಭಾವ ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುತ್ತೇನೆಂದು ತೋಟಕ್ಕೆ ಹೋದರು. ನಾನು ಕುಕ್ಕೆ ತೆಗೆದುಕೊಂಡು ಹೋಗುವಷ್ಟರಲ್ಲಿ ಬದುವಿನ ಮೇಲೆ ಕೂತುಬಿಟ್ಟಿದ್ದರು. “ಲೇ, ಕಾಲು ಎತ್ತಕ್ಕೇ ಆಗ್ತಾ ಇಲ್ಲ ಕಣೇ, ನನ್ನ ಕಾಲೇ ಅಲ್ಲ ಅನ್ನಿಸ್ತದೆ” ಎಂದರು. ಕೈಯಿಂದ ಕುಡುಗೋಲು ಜಾರಿ ಬಿತ್ತು. ನಾನು ಕಿರುಚಿಕೊಂಡದ್ದಕ್ಕೆ ಸೊಣ್ಣಪ್ಪ “ಏಮೈಂದಣ್ಣಾ, ಏಮೈಂದಿ” ಎಂದು ತೆಲುಗಿನಲ್ಲೇ ಕೂಗುತ್ತಾ ಓಡಿಬಂದ. ಅವನ ಟ್ರ್ಯಾಕ್ಟರಿನಲ್ಲೇ ಕೋಲಾರಕ್ಕೆ ಹಾಕಿಕೊಂಡು ಹೋದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲೆ ಒಗೆದ ಬಟ್ಟೆಯ ಹಾಗೆ ಬಿದ್ದಿತ್ತು.

ಅಲ್ಲಿ ಒಬ್ಬರು ಡಾಕ್ಟರಮ್ಮ ಎದೆಗೆ ವೈರು ಅಂಟಿಸಿ ಕಾಗದದಲ್ಲಿ ಗೆರೆ ತೆಗೆದರು. ಎದೆ ನಿಮಿಷಕ್ಕೆ ಮೂವತ್ತೆಂಟು ಸಲ ಬಡಿಯುತ್ತಿತ್ತು. ಒಂದರ ಮೇಲೊಂದು ಇಂಜೆಕ್ಷನ್ ಕೊಡುತ್ತಾ, “ಏನಮ್ಮಾ ತಿನ್ನಿಸಿದ್ರಿ ಇವ್ರಿಗೆ?” ಎಂದು ಕೇಳಿದರು. ನಾನು ಚೀಲದಿಂದ ನೀನು ಸೋಸಿಕೊಟ್ಟಿದ್ದರ ಡಬ್ಬಿ ತೆಗೆದುಕೊಟ್ಟೆ. ನಿನ್ನ ಅಕ್ಕನ ಬುದ್ಧಿ ನೋಡು, ಆಸ್ಪತ್ರೆಯ ಊಟಕ್ಕೂ ಬೇಕಾಗುತ್ತದೆ ಎಂದು ಅದನ್ನು ಜತೆಗೇ ತಂದಿದ್ದೆ. ಡಾಕ್ಟರಮ್ಮ ಮುಚ್ಚಳ ತೆಗೆದು, ಎಲ್ಲಿಂದ ಬಂತೆಂದು ಕೇಳಿದರು. ಗೊಬ್ಬರ ಸೋಸಿದ್ದು, ಇದರಿಂದ ಬಿ.ಪಿ. ಇಳಿಯಿತು ಎಂದೆ.

“ಬಿ.ಪಿ. ಇಳೀತು, ನಿಜ. ಎದೆ ಬಡಿತಾನೂ ಇಳೀತಲ್ಲಮ್ಮಾ! ಬಿ.ಪಿ. ಇದ್ದೂ ಇದ್ದೂ ಇವ್ರ ಮೂತ್ರಪಿಂಡ ಸೊರಗಿದೆ. ಹೆಚ್ಚಾಗಿದ್ದನ್ನ ಹೊರಗೆ ಹಾಕೋ ಶಕ್ತಿ ಅದಕ್ಕಿಲ್ಲ. ರಕ್ತ ನೋಡಿ, ಅಳತೆ ಮಾಡಿ ಕೊಡಬೇಕಾದ್ದು ಇದು. ನೀವು ಉಪ್ಪು ಹಾಕಿದ ಹಾಗೆ ಹಾಕಿದ್ದೀರಲ್ಲಾ! ಯಾರು ಕೊಟ್ಟಿದ್ದು ಇದನ್ನ?”

ನಿನ್ನ ಹೆಸರು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ನಿನ್ನ ಭಾವ ಮಲಗಿದ್ದಲ್ಲಿಂದಲೇ, “ಯಾರೂ ಇಲ್ಲ ಡಾಕ್ಟ್ರಮ್ಮಾ, ಉಪ್ಪಿನ ಆಸೇಗೆ ನಾನೇ ಹಾಕ್ಕೊಂಡು ತಿಂದೆ” ಎಂದು ಹೇಳಿ ಗೋಡೆಯ ಕಡೆಗೆ ಮುಖ ತಿರುಗಿಸಿದರು.

ಸೊಣ್ಣಪ್ಪ ಮನೆಯಿಂದ ತಂದುಕೊಟ್ಟ ನಿನ್ನ ಎರಡನೆಯ ಕಾಗದವನ್ನು ಅದೇ ಮಂಚದ ಪಕ್ಕ ಓದಿದೆ. “ನನ್ನ ಪ್ರಯೋಗ ಹೇಗೆ ನಡೆದಿದೆ?” ಎಂದು ಕೇಳಿದ್ದೀಯ. ಪ್ರಯೋಗವಂತೆ! ನನ್ನ ಗಂಡ ಏನು ನಿಮ್ಮ ಇಲಾಖೆಯ ಪ್ರಾತ್ಯಕ್ಷಿಕೆ ಹೊಲವೇನೋ, ಬೋರ್ಡು ನೆಟ್ಟು ರೈತರಿಗೆ ತೋರಿಸಲು? ಕಾಗದವನ್ನು ಅಲ್ಲೇ ನಾಲ್ಕು ಚೂರು ಮಾಡಿದೆ.

ನಿನ್ನ ಭಾವ ಈಗ ಎದ್ದು ಓಡಾಡುತ್ತಿದ್ದಾರೆ. ಜೀವಕ್ಕೆ ಭಯವಿಲ್ಲ. ಮಾತ್ರೆ ಬದಲಾಯಿಸಿದ್ದಾರೆ, ಹದಿನೈದು ದಿನಕ್ಕೊಮ್ಮೆ ಹೋಗಿ ರಕ್ತ ಕೊಡಬೇಕು. ಸಾರು ಪೂರ್ತಿ ಸಪ್ಪೆ. ಅಮ್ಮನನ್ನು ನೀನು ಹಬ್ಬದೊಳಗೆ ಕೋಲಾರಕ್ಕೆ ಕರೆದುಕೊಂಡು ಹೋಗಿ ಅದೇ ಡಾಕ್ಟರಮ್ಮನಿಗೆ ತೋರಿಸು. ಅವರು ಬರೆದುಕೊಟ್ಟದ್ದನ್ನು ಬರೆದುಕೊಟ್ಟಷ್ಟೇ ಕೊಡು. ನಿನ್ನ ಹೆಂಡತಿ ಭಾರತಮ್ಮನಿಗೆ ಈ ಕಾಗದ ಓದಿ ಹೇಳು, ನೀನು ಮತ್ತೆ ಬಟ್ಟೆ ಹಿಡಿದು ಸೋಸಲು ಕೂತರೆ ಅವಳಾದರೂ ಕಿತ್ತುಕೊಳ್ಳಲಿ. ಹಬ್ಬಕ್ಕೆ ನಿನ್ನನ್ನು ನಾನು ಕರೆಯುವುದಿಲ್ಲ. ನಿನ್ನ ಭಾವ ಕರೆಯುತ್ತಿದ್ದಾರೆ, “ಬರ್ಲಿ ಬಿಡೇ, ಚಿಕ್ಕೋನು, ಗೊತ್ತಿಲ್ದೆ ಮಾಡ್ದ” ಎನ್ನುತ್ತಾರೆ. ಬರುವುದಾದರೆ ಬಾ, ಬಂದರೆ ಊಟ ಬಡಿಸುತ್ತೇನೆ, ಮಾತು ಮಾತ್ರ ಆಡಿಸುವುದಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ. ನೀನೂ ಭಾರತಮ್ಮನೂ ನೂರು ವರ್ಷ ಚೆನ್ನಾಗಿ ಬಾಳಿ. ಇದನ್ನು ಮಾತ್ರ ಮನಸ್ಸಿನಿಂದಲೇ ಬರೆದಿದ್ದೇನೆ.

ಇಂತಿ ನಿನ್ನ ಅಕ್ಕ,
ಅಶ್ವತ್ಥಮ್ಮ

ವಿ.ಸೂ. ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಇದನ್ನು ಭಾರತಮ್ಮನಿಗೆ ಓದಬೇಡ. ನಿನ್ನ ಭಾವ ಶಿವರಾತ್ರಿಯ ದಿನವೇ ಪೊಟ್ಯಾಷು ಬಿಟ್ಟಿದ್ದರು. “ಬಾಯೆಲ್ಲಾ ಕಹಿ, ಹೊಟ್ಟೆ ತೊಳಸ್ತದೆ, ಬೇಡ ಕಣೇ, ಸಪ್ಪೇನೇ ತಿಂತೀನಿ” ಎಂದು ಡಬ್ಬಿಯನ್ನು ದೂಡಿದರು. ಇಳಿದ ಬಿ.ಪಿ. ಮತ್ತೆ ಏರಿಬಿಟ್ಟರೆ ಎಂದು ಹೆದರಿ ನಾನು ಅವರಿಗೆ ಹೇಳದೆ ಸಾರಿಗೆ ಹಾಕಿದೆ. ರುಚಿ ಗೊತ್ತಾಗಬಾರದೆಂದು ಹುಣಸೆಹುಳಿ, ಖಾರ ಜಾಸ್ತಿ ಮಾಡಿದೆ. ಮೊದಲು ಒಂದು ಚಮಚ, ಆಮೇಲೆ ಎರಡು, ಹದಿಮೂರು ದಿನ. ಅವರಿಗೆ ಯಾವಾಗ ಗೊತ್ತಾಯಿತೋ, ಕೇಳಲು ನನಗೆ ಧೈರ್ಯವಿಲ್ಲ. ಮನೆಗೆ ಬಂದ ಮೇಲೆ ಅವರು ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಆದರೆ ತಟ್ಟೆ ಇಟ್ಟ ಕೂಡಲೇ ಬೆರಳ ತುದಿಯನ್ನು ಸಾರಿನಲ್ಲಿ ಅದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಮುದ್ದೆ ಮುರಿಯುತ್ತಾರೆ. ಇಪ್ಪತ್ತೆರಡು ವರ್ಷ ನಾನು ಏನು ಬಡಿಸಿದೆ ಎಂದು ತಿರುಗಿಯೂ ನೋಡದೆ ಉಂಡವರು ಕಣೋ.