ಮರ್ಮರ್ ಅಂದರೆ

೮ ಜೂನ್ ೧೯೯೮, ಸೋಮವಾರ
ಹಲಸೂರಿನವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ವಿಮೆ ಆಫೀಸಿನ ಕೆಲಸಕ್ಕೆ ಮೆಡಿಕಲ್ ಮುಗಿಯಿತು. ತೂಕ, ಕಣ್ಣು, ಬಿಪಿ ಎಲ್ಲ ಸರಿ. ಡಾಕ್ಟರಮ್ಮ ಸ್ಟೆತಾಸ್ಕೋಪ್ ಎದೆಯ ಮೇಲೆ ಇಟ್ಟರು, ತೆಗೆದರು, ಮತ್ತೆ ಇಟ್ಟರು.
“ಸ್ವಲ್ಪ ಮರ್ಮರ್ ಇದೆ. ಹಾರ್ಟಿನ ಎಕೋ ಸ್ಕ್ಯಾನ್ ಮಾಡಿಸ್ಬಿಡಿ.”
ಮುಂದಿನವರನ್ನು ಕರೆದೇ ಬಿಟ್ಟರು.

ಸಂಜೆ
ಅಪ್ಪನ ಡಿಕ್ಷನರಿ ತೆಗೆದೆ. ಮರ್ಮರ್: ಎಲೆಗಳ ಸದ್ದು. ತೊರೆಯ ಸದ್ದು. ಪಿಸುಮಾತು. ಗೊಣಗಾಟ. ಎದೆಯ ಸುದ್ದಿಯೇ ಇಲ್ಲ. ಸದ್ದನ್ನೇ ಹೆಸರು ಮಾಡಿಕೊಂಡ ಪದ, ನಮ್ಮ ಪಟಪಟ, ಗಿಜಿಗಿಜಿಗಳ ಹಾಗೆ. ಚೆಂದದ ಪದವೇ. ನನ್ನೊಳಗೆ ಯಾಕೆ ಬಂತು? ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದೆ. ಬರೀ ಡಬ್ ಡಬ್...

೧೦ ಜೂನ್
ಅಮ್ಮನಿಗೆ ಹೇಳಿದೆ. ಗ್ಯಾಸ್ ಎಂದಳು, ಜೀರಿಗೆ ಕಷಾಯ ಕುಡಿಸಿದಳು. ಆಮೇಲೆ ಬಾಗಿಲು ಹಾಕಿಕೊಂಡು ಬಂದಳು.
“ಭಾನುವಾರ ವಾದಿರಾಜನ ಮನೆಯವ್ರು ನಿನ್ನ ನೋಡೋಕ್ ಬರ್ತಿದಾರೆ. ಆ ಮಾತು ಬಾಯಲ್ಲಿ ಬರ್ಕೂಡದು ಕಣೇ. ಎಕೋ ಎಲ್ಲಾ ಆಮೇಲೆ.”
ಆಮೇಲೆ ಅಂದರೆ? ಮದುವೆಯಾದ ಮೇಲೆ ಗೊತ್ತಾದರೆ? ಸಿಟ್ಟು ಬರುತ್ತಿದೆ. ಭಯವೂ.

೧೪ ಜೂನ್, ಭಾನುವಾರ
ಬಂದರು, ಕಾಕ್ಸ್‌ಟೌನಿನಿಂದ. ಉಪ್ಪಿಟ್ಟು, ಕೇಸರಿಬಾತು, ಕಾಫಿ. ಕಡೆಗೆ ಅದೇ— “ಒಂದ್ ದೇವರನಾಮ ಹೇಳಮ್ಮ ಶರ್ವಾಣಿ.” ಹಾಡಿದೆ. ನಡುವೆ ಉಸಿರು ಸಾಲಲಿಲ್ಲ. ಅಮ್ಮ ತಟ್ಟನೆ, “ಅಭ್ಯಾಸ ತಪ್ಪಿದೆ, ಅಷ್ಟೆ!”
ಮಾತಾಡಿಕೊಳ್ಳಿ ಎಂದು ನನ್ನನ್ನೂ ವಾದಿರಾಜರನ್ನೂ ಟೆರೇಸಿಗೆ ಕಳಿಸಿದರು. ಒಣಹಾಕಿದ ಸೀರೆಗಳ ನಡುವೆ ನಿಂತು ಹೇಳಿಬಿಟ್ಟೆ.
“ನನಗೆ ಮರ್ಮರ್ ಇದೆ.”
“ಹಾಗಂದ್ರೇನ್ರೀ?”
“ಡಿಕ್ಷನರೀಲಿ ಎಲೆ ಸದ್ದು ಅಂತಿದೆ. ಡಾಕ್ಟ್ರು ಹಾರ್ಟಲ್ಲಿ ಅಂದ್ರು.”
ನಗಲು ಹೊರಟವರು ಅಡ್ಡಬಂದ ಸೀರೆ ಸರಿಸಿ ನನ್ನ ಮುಖ ನೋಡಿದರು. “ಮೊದ್ಲು ಟೆಸ್ಟ್ ಮಾಡಿಸ್ಕೊಳ್ಳಿ.” ಅಷ್ಟೇ. ಇಳಿದು ಹೋದರು.

೧೯ ಜೂನ್
ಅವರಿಂದ ಫೋನಿಲ್ಲ. “ಟೆರೇಸ್ ಮೇಲೆ ಏನೋ ಒದರಿದೀಯ ನೀನು,” ಎಂದಳು ಅಮ್ಮ. ಹೌದು ಎಂದೆ. ಮಾತು ಬಿಟ್ಟಿದ್ದಾಳೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಹೇಳಬಾರದಿತ್ತೇ? ಇಲ್ಲ, ಹೇಳಬೇಕಿತ್ತು. ಆದರೂ...

೨೨ ಜೂನ್
ಎಕೋ ಆಯಿತು. ಅಪ್ಪನೇ ಕರೆದುಕೊಂಡು ಹೋದರು. ಡಾಕ್ಟರು ನಕ್ಕರು. “ಇದನ್ನ ಇನೊಸೆಂಟ್ ಮರ್ಮರ್ ಅಂತೀವಿ. ಬರೀ ಸದ್ದು. ರೋಗ ಇಲ್ಲ.”
ಅಮ್ಮ ತುಪ್ಪದ ದೀಪ ಹಚ್ಚಿದವಳೇ ಫೋನಿನತ್ತ ಓಡಿದಳು. “ಈಗ ಧಾರಾಳವಾಗಿ ಹೇಳ್ಬೋದು!” ಅವಳು ಮುಟ್ಟುವ ಮೊದಲೇ ಅದು ಹೊಡೆದುಕೊಂಡಿತು. ನಾನೇ ಎತ್ತಿದೆ. ವಾದಿರಾಜ.
“ಟೆಸ್ಟ್ ಆಯ್ತಾ?”
“ಆಯ್ತು. ರಿಪೋರ್ಟು—”
“ತಡೀರಿ, ಅದನ್ನ ಆಮೇಲೆ ಹೇಳಿ. ಮನೇಲೆಲ್ಲ ಹೇಳಾಯ್ತು, ಜಗಳಾನೂ ಆಯ್ತು. ರಿಪೋರ್ಟ್ ಏನೇ ಇರ್ಲಿ, ನಾನು ನಿಮ್ಮನ್ನೇ—”
ಅಮ್ಮ “ಏನಂತೇ? ಏನಂತೇ?” ಎಂದು ದುಪಟ್ಟಾ ಜಗ್ಗುತ್ತಿದ್ದಳು. ನನಗೆ ಎದೆಯೊಳಗಿನದು ಮೊದಲ ಸಲ ಕೇಳಿಸಿತು, ಡಿಕ್ಷನರಿಯಲ್ಲಿ ಇದ್ದ ಹಾಗೇ—