ಮಜ್ಜೆತವರಿಂದ ಫಕ್ಕೀರೇಶಣ್ಣನಿಗೆ

ಗದಗ, ಇಸವಿ ೨೩೦೭, ನಾಗರಪಂಚಮಿಯ ಮರುದಿನ

ಪ್ರಿಯ ಫಕ್ಕೀರೇಶಣ್ಣ,

ತಾರೀಖು ನೋಡಿ ಯಾರದೋ ಕುಚೇಷ್ಟೆಯೆಂದು ಕಾಗದ ಹರಿಯಬೇಡಿ. ನಿಮ್ಮ ಕಾಲದ ಕನ್ನಡ ನನಗೆ ಅಷ್ಟಾಗಿ ಬರುವುದಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಶಾಂಭವಿ. ರಕ್ತದ ಕ್ಯಾನ್ಸರ್ ಆಗಿ, ನಿಮ್ಮ ಎಲುಬಿನ ಮಜ್ಜೆಗಾಗಿ ಆಸ್ಪತ್ರೆಯಲ್ಲಿ ಕಾಯುತ್ತಿರುವ ಒಂಬತ್ತು ವರ್ಷದ ಇಂಚರಾಳ ತಮ್ಮನ ವಂಶದವಳು. ಆಸ್ಪತ್ರೆಯವರು ನಿಮಗೆ ಅವಳ ಹೆಸರು ಹೇಳಿಲ್ಲ, ಗೊತ್ತು. ನಮ್ಮ ಕಾಲಕ್ಕೆ ಆ ಗುಟ್ಟು ಹಳೆಯದಾಗಿದೆ.

ನಮ್ಮಲ್ಲಿ ಮಜ್ಜೆ ಕೊಟ್ಟವರ ಮನೆ ಪಡೆದವರಿಗೆ ತವರಾಗುತ್ತದೆ. ಅದನ್ನು ಮಜ್ಜೆತವರು ಎನ್ನುತ್ತೇವೆ. ರಕ್ತದ ಕ್ಯಾನ್ಸರ್‌ಗೆ ಈಗ ಒಳ್ಳೊಳ್ಳೆಯ ಔಷಧಿಗಳಿವೆ. ಆದರೂ ಯಾವುದಕ್ಕೂ ಬಗ್ಗದ ಹಟಮಾರಿ ಕಾಯಿಲೆ ಇನ್ನೂ ಉಳಿದಿದೆ, ಅದಕ್ಕೆ ಇನ್ನೊಬ್ಬ ಮನುಷ್ಯನೇ ಬೇಕು. ನಾನೂ ಕೊಟ್ಟಿದ್ದೇನೆ. ಪಡೆದವರು ಧಾರವಾಡದ ದಪ್ಪಮೀಸೆಯ ಚನ್ನವೀರಪ್ಪ. ಪ್ರತಿ ಪಂಚಮಿಗೂ ತವರಿಗೆ ಬಂದು, ನಾಚಿಕೆಯಿಲ್ಲದೆ ಜೋಕಾಲಿ ಆಡಿ, ಶೇಂಗಾ ಉಂಡಿಯ ಡಬ್ಬಿ ಖಾಲಿ ಮಾಡುತ್ತಾರೆ. ಗಂಡಸಾದರೂ ಉಡಿ ತುಂಬಿಸಿಕೊಂಡೇ ಹೋಗುತ್ತಾರೆ. ಅವರ ಮೈಯಲ್ಲಿ ಈಗ ನನ್ನದೇ ರಕ್ತದ ಗುಂಪು.

ಈ ಕಾಗದ ನಿಮ್ಮ ಕೈ ಸೇರುವ ದಿನ ನಿಮ್ಮ ಮನೆಯಲ್ಲಿ ನಡೆದದ್ದು ನನಗೆ ಗೊತ್ತು. ಮಜ್ಜೆ ಕೊಡಲು ಒಪ್ಪಿಕೊಂಡಿದ್ದ ನಿಮ್ಮನ್ನು ಅವ್ವ ತಡೆದಿದ್ದಾರೆ. “ಬೆನ್ನಹುರಿ ತಗಿಸ್ಕೊಂಡು ಹಾಸಿಗಿ ಹಿಡೀತೀಯೇನ? ನಾ ಸತ್ರೂ ಕಳಸಂಗಿಲ್ಲ” ಎಂದು ಅತ್ತಿದ್ದಾರೆ. ಹೆತ್ತ ಕರುಳು, ಬೈಯಲಾರೆ. ಬೆನ್ನುಹುರಿಯನ್ನು ಯಾರೂ ಮುಟ್ಟುವುದಿಲ್ಲವೆಂದು ಅವರಿಗೆ ತಿಳಿಸಿ ಹೇಳಿ. ನನಗೆ ಸೊಂಟದ ಎಲುಬಿನಿಂದ ತೆಗೆದರು. ಕೆಲವು ದಿನ ನೋವಿತ್ತು, ಆಮೇಲೆ ಮಾಮೂಲಿನಂತೆ ಸೈಕಲ್ ಹೊಡೆದೆ. ಕೊಟ್ಟ ಮಜ್ಜೆ ಮತ್ತೆ ತುಂಬಿಕೊಳ್ಳುತ್ತದೆ.

ಇಂಚರಾಳದು ತುಂಬಿಕೊಳ್ಳುವುದಿಲ್ಲ, ಅಣ್ಣಾ. ನಿಮ್ಮದಕ್ಕೆ ಜಾಗ ಮಾಡಲೆಂದು ಅವಳದನ್ನು ಔಷಧಿಯಿಂದ ಪೂರ್ತಿ ಸುಟ್ಟಾಗಿದೆ. ನೀವು ಹೂಂ ಎಂದದ್ದನ್ನು ನಂಬಿ ಸುಟ್ಟರು.

ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದ ಕಥೆಯಲ್ಲಿ ನೀವು ಹೋಗಲಿಲ್ಲ, ಅವಳು ಉಳಿಯಲಿಲ್ಲ. ಅವಳ ತಮ್ಮ ಓಂಕಾರ ದೊಡ್ಡವನಾದ ಮೇಲೆ, ಕೊಡುವವರ ಮನೆಯವರ ಹೆದರಿಕೆ ಕಳೆಯಲೆಂದು, ಮಜ್ಜೆ ಪಡೆದು ಬದುಕಿದವರನ್ನು ಕರೆದುಕೊಂಡು ಮನೆಮನೆಗೆ ತಿರುಗಿದ. ಮಜ್ಜೆತವರು ಹುಟ್ಟಿದ್ದೇ ಹಾಗೆ. ನೀವು ಹೋದರೆ ಅದು ಹುಟ್ಟದೇ ಇರಬಹುದು. ಆಗ ಚನ್ನವೀರಪ್ಪನವರಿಗೆ ನಾನು ಸಿಗದೇ ಹೋಗಬಹುದು. ಬರೆಯಲು ಕೈ ಬರಲಿಲ್ಲ, ಅವರನ್ನೇ ಕೇಳಿದೆ. ಉಂಡಿಯ ಡಬ್ಬಿ ಪಕ್ಕಕ್ಕಿಟ್ಟು, “ನಂದೇನಾರ ಆಗ್ಲಿ, ಕೂಸು ಉಳೀಲಿ. ಬರಿಯವ್ವ” ಎಂದರು.

ಅದಕ್ಕೇ ಬರೆದೆ. ಅವ್ವನ ಕಾಲಿಗೆ ಬಿದ್ದಾದರೂ ಸರಿ, ಹೊರಡಿ ಅಣ್ಣಾ.

ಇಂತಿ,
ಶಾಂಭವಿ