ಕತ್ತರಿಸಿದ ಸಾಲು

24 ಏಪ್ರಿಲ್ 2001, ಮಂಗಳವಾರ
ಎದ್ದ ಕೂಡಲೇ ಪೇಪರಿನ ಹವಾಮಾನ ನೋಡಿದೆ. ಮೂವತ್ತೇಳು ಡಿಗ್ರಿ. ಜೀವನ್ ಬಿಮಾ ನಗರದ ಹಿಂದಿನ ರಾಜಕಾಲುವೆಯಲ್ಲಿ ಅಣ್ಣ ಮುನಿರಾಜಪ್ಪನ ಗ್ಯಾಂಗಿಗೆ ಹೂಳೆತ್ತುವ ಕೆಲಸ. ಹನ್ನೊಂದರಿಂದ ನಾಲ್ಕು. ಎರಡೂ ಕಡೆ ಆಳೆತ್ತರ ಮೀರಿದ ಗೋಡೆ, ಮೊಣಕಾಲುದ್ದ ಕೊಳಚೆ, ನೆತ್ತಿ ಸುಡುವ ಬಿಸಿಲು. ನಿನ್ನೆ ಗೋವಿಂದಮ್ಮ ಬವಳಿ ಬಂದು ಬುಟ್ಟಿ ಸಮೇತ ಬಿದ್ದಳು. ಮೇಸ್ತ್ರಿ ಕೆಂಪರಾಜ್ ಮುಖಕ್ಕೆ ನೀರು ಚಿಮುಕಿಸಿದ. ಎದ್ದ ಮೇಲೆ ಮತ್ತೆ ಬುಟ್ಟಿ ಹೊರಿಸಿದ. ಎಮ್ಮೆಗಾದರೂ ನೆರಳು ಕೊಡುತ್ತಾರೆ...

25, ಬುಧವಾರ
ನಮ್ಮ ಕೂಲಿಕಾರರ ಸಂಘದ ಲೆಟರ್‌ಹೆಡ್ಡಿನಲ್ಲಿ ಪಾಲಿಕೆ ಇಂಜಿನಿಯರ್‌ಗೆ ಮನವಿ ಬರೆದೆ. ಕೆಲಸ ಸಂಜೆಗೆ ಹಾಕಿ. ಹಗ್ಗ, ಏಣಿ ಕೊಡಿ. ಕಾರ್ಯದರ್ಶಿ ಅಂತ ಸಹಿ ಹಾಕಿದೆ. ಸಾಕ್ಷಿಗೆ ಪೇಪರಿನ ಮುನ್ಸೂಚನೆ ಅಂಟಿಸಬೇಕು. ಅದರಲ್ಲಿ ಎರಡು ಸಾಲು. ಮೂರು ದಿನ ತೀವ್ರ ಬಿಸಿಲು — ಇದು ಬೇಕು. ಸಂಜೆ ವೇಳೆಗೆ ಒಂದೆರಡು ಕಡೆ ಗುಡುಗು ಸಹಿತ ಭಾರಿ ಮಳೆ — ಇದು ಕಂಡರೆ ಇಂಜಿನಿಯರ್ ಹಗಲಲ್ಲೇ ಮುಗಿಸಿ ಎನ್ನುತ್ತಾನೆ. ಕತ್ತರಿ ಆಡಿಸಿದೆ. ಉಳಿದ ಚೂರು ಈ ಡೈರಿಯೊಳಗೇ ಇಟ್ಟೆ, ಗುರುತಿಗೆ.
ಅಣ್ಣನಿಗೆ ಆ ಚೂರು ಓದಿ ಹೇಳಿದರೆ ನಕ್ಕ.
"ಒಂದೆರಡು ಕಡೆ ಅಂದ್ರೆ ಎಲ್ಲಿ, ಲಕ್ಷ್ಮಿ? ಪೇಪರ್‌ನೋರಿಗೆ ನಮ್ ಕಾಲುವೆ ಅಡ್ರೆಸ್ ಗೊತ್ತಾ?"

26, ಗುರುವಾರ
ಗೆದ್ದೆವು! ನಾಳೆಯಿಂದ ನಾಲ್ಕರಿಂದ ಎಂಟು. ಹಗ್ಗ, ಏಣಿಗೆ ಉತ್ತರವಿಲ್ಲ. ಬಿಡುವುದಿಲ್ಲ, ಸೋಮವಾರ ಮತ್ತೆ ಹೋಗುವುದು.

27, ಶುಕ್ರವಾರ, ಮಧ್ಯಾಹ್ನ
ಅಣ್ಣ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಗಂಡ ಹಗಲು ಮಲಗಿದ್ದು ಇದೇ ಮೊದಲಂತೆ — ಅತ್ತಿಗೆ ಮಾನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು.

30, ಸೋಮವಾರ
ಶುಕ್ರವಾರ ಸಂಜೆ ಐದೂವರೆ. ಕಾಲುವೆ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಮಳೆ ಹೊಡೆದದ್ದು ಮೇಲುಗಡೆ, ಇಂದಿರಾನಗರದಲ್ಲಿ. ಆ ನೀರೆಲ್ಲ ಒಮ್ಮೆಗೇ ಬಂತು. ಅಣ್ಣ ಗೋವಿಂದಮ್ಮನನ್ನು ಹೆಗಲಿಗೆ ಹತ್ತಿಸಿಕೊಂಡು ಮೇಲಕ್ಕೆ ತಳ್ಳಿದನಂತೆ. ಅವನನ್ನು ಎಳೆಯಲು ಹಗ್ಗವಿರಲಿಲ್ಲ. ಅವಳ ಸೀರೆ ಬಿಚ್ಚಿ ಎಸೆದರಂತೆ. ಸಾಲಲಿಲ್ಲ.
ಶನಿವಾರ ಸಿಕ್ಕ. ಎರಡು ಮೈಲಿ ಕೆಳಗೆ.

1 ಮೇ, ಮಂಗಳವಾರ
ಕಾರ್ಮಿಕರ ದಿನದ ಮೆರವಣಿಗೆಗೆ ಹೋಗಲಿಲ್ಲ.
ಮಧ್ಯಾಹ್ನ ಇಂಜಿನಿಯರ್ ನಮ್ಮ ಮನೆ ಮುಂದೆ ಬಂದ. ಕೈಯಲ್ಲಿ ನನ್ನ ಮನವಿ, ಅದಕ್ಕೆ ಅಂಟಿಸಿದ ಪೇಪರಿನ ಬಿಸಿಲಿನ ಸಾಲು.
"ಸಂಜೆ ಕೆಲಸ ನೀವೇ ಕೇಳಿದ್ದಲ್ವೇನಮ್ಮ ಆದಿಲಕ್ಷ್ಮಿ? ಸೈನ್ ನಿಮ್ದೇ ತಾನೆ?"
ಹಗ್ಗ, ಏಣಿ ಕೇಳಿದ ಸಾಲಿನ ಮೇಲೆ ಅವನ ಹೆಬ್ಬೆರಳಿತ್ತು. ತೆಗೆಯಯ್ಯಾ ಬೆರಳು ಅಂದೆ. ತೆಗೆಯಲಿಲ್ಲ. ಸಾವಿನ ಮನೆ ಮುಂದೆ ಕಾಗದಕ್ಕೆ ಕಿತ್ತಾಡಿದೆವು. ಕೊನೆಗೆ ಅವನೇ ಮಡಿಸಿ ಜೇಬಿಗಿಟ್ಟುಕೊಂಡು ಹೋದ. ಹಗ್ಗ ಕೊಡದ ಪಾಪ ಅವನದೇ. ಸಾಯುವವರೆಗೂ ಅವನನ್ನು ಬಿಡುವುದಿಲ್ಲ.
ಆದರೆ ಅತ್ತಿಗೆ ಎಲ್ಲ ಕೇಳಿಸಿಕೊಂಡಿದ್ದಾಳೆ. ಓದು ಬಾರದವಳು. ಪಕ್ಕ ಬಂದು ಕೂತು, ಮೆಲ್ಲಗೆ ಒಂದೇ ಮಾತು ಕೇಳಿದಳು.
"ಪೇಪರಲ್ಲಿ ಬಿಸ್ಲು ಅಂತ ಮಾತ್ರ ಇತ್ತಾ, ಲಕ್ಷ್ಮಿ?"
ಹ್ಞೂಂ ಅಂದುಬಿಟ್ಟೆ.
ಆ ಚೂರು ಇಲ್ಲೇ ಇದೆ, ಈ ಹಾಳೆಯ ಕೆಳಗೆ. ಅತ್ತಿಗೆ ಈಗ ಎದುರಿಗೇ ಗೋಡೆಗೊರಗಿ ಕೂತಿದ್ದಾಳೆ, ಏನು ಬರೀತಿದೀಯ ಅನ್ನುತ್ತಿದ್ದಾಳೆ. ಈಗಲೇ ಓದಿ ಹೇಳಿಬಿಡಬೇಕು — ಸಂಜೆ ವೇಳೆಗೆ, ಒಂದೆರಡು ಕಡೆ